ಅಕ್ಷಾಂಶ ನಮ್ಮದು, ರೇಖಾಂಶ ಕಡ ತಂದದ್ದು

ಅರಕಲಗೂಡು ಮತ್ತು ಹೊಳೆನರಸೀಪುರ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲಿವೆ. ಮೊದಲನೆಯದು 12 ಡಿಗ್ರಿ 46 ನಿಮಿಷ ಉತ್ತರ, ಎರಡನೆಯದು 12 ಡಿಗ್ರಿ 47 ನಿಮಿಷ. ನಡುವಿನ ಅಂತರವೆಲ್ಲ ಪೂರ್ವ ಪಶ್ಚಿಮದ್ದು, ನೇರ ಗೆರೆಯಲ್ಲಿ ಸುಮಾರು 20 ಕಿ.ಮೀ. ಆಕಾಶ ಬಲ್ಲವನೊಬ್ಬನನ್ನು ಕಣ್ಣು ಕಟ್ಟಿ ಈ ಎರಡರಲ್ಲಿ ಒಂದು ಊರಿಗೆ ಕರೆತಂದು, ಸುತ್ತ ಗೋಡೆಯಿರುವ ಅಂಗಳದಲ್ಲಿ ಬಿಟ್ಟರೆ, ಸಮಭಾಜಕ ವೃತ್ತದಿಂದ ತಾನು ಎಷ್ಟು ಉತ್ತರಕ್ಕಿದ್ದೇನೆ ಎಂಬುದನ್ನು ಅವನು ಒಂದೆರಡು ದಿನದಲ್ಲಿ ಹೇಳಬಲ್ಲ. ತಾನಿರುವುದು ಯಾವ ಊರಿನಲ್ಲಿ ಎಂಬುದನ್ನು ಮಾತ್ರ ವರ್ಷವಿಡೀ ನೋಡಿದರೂ ಹೇಳಲಾರ. ಎರಡೂ ಊರುಗಳ ನೆತ್ತಿಯ ಮೇಲೆ ಅವೇ ನಕ್ಷತ್ರಗಳು ಅದೇ ಎತ್ತರದಲ್ಲಿ ಹಾಯುತ್ತವೆ. ಹೊಳೆನರಸೀಪುರದಲ್ಲಿ 44 ಸೆಕೆಂಡು ಮೊದಲು ಹಾಯುತ್ತವೆ, ಅಷ್ಟೇ ವ್ಯತ್ಯಾಸ. ಆ 44 ಸೆಕೆಂಡನ್ನು ಹಿಡಿಯಬೇಕಾದರೆ ಇನ್ನೊಂದು ಊರಿನ ಹೊತ್ತು ಈ ಅಂಗಳದೊಳಗೆ ಹೇಗಾದರೂ ಬರಬೇಕು. ಸ್ಥಾನ ಕಂಡುಹಿಡಿಯುವ ವಿಧಾನಗಳ ಇತಿಹಾಸವನ್ನು ಸಾಮಾನ್ಯವಾಗಿ ಬರಿಗಣ್ಣಿನಿಂದ ಉಪಗ್ರಹದವರೆಗಿನ ಪ್ರಗತಿಯ ಕಥೆಯಾಗಿ ಹೇಳುತ್ತಾರೆ. ನಿಖರತೆಯ ಮಟ್ಟಿಗೆ ಅದು ಸರಿಯೇ. ಆದರೆ ಆ ಕಥೆಯ ಒಳಗೆ ಇನ್ನೊಂದು ಕಥೆಯಿದೆ. ಅಕ್ಷಾಂಶವನ್ನು ಮನುಷ್ಯ ಒಬ್ಬನೇ ನಿಂತು ಪಡೆಯಬಹುದಿತ್ತು. ರೇಖಾಂಶಕ್ಕೆ ಯಾವಾಗಲೂ ದೂರದ ಒಂದು ಗಡಿಯಾರ ಬೇಕಿತ್ತು. ಒಂದು ವಿಧಾನ ಹೋಗಿ ಇನ್ನೊಂದು ಬಂದಾಗಲೆಲ್ಲ ಆ ಗಡಿಯಾರದ ಒಡೆಯ ಬದಲಾದ. ಉಪಗ್ರಹಗಳ ಕಾಲದಲ್ಲಿ ನಾವು ಗಮನಿಸದ ಸಂಗತಿಯೆಂದರೆ, ಅದುವರೆಗೆ ನಮ್ಮದಾಗಿದ್ದ ಅಕ್ಷಾಂಶವನ್ನೂ ನಾವು ಕಡವಾಗಿ ತರತೊಡಗಿದ್ದು.

ಅಕ್ಷಾಂಶ ಎಷ್ಟು ಸುಲಭದ್ದು ಎಂಬುದಕ್ಕೆ ಹಾಸನದ ಬಿಸಿಲೇ ಸಾಕು. ಊರು ಹೆಚ್ಚುಕಡಿಮೆ ಸರಿಯಾಗಿ 13 ಡಿಗ್ರಿ ಉತ್ತರದಲ್ಲಿದೆ. ಏಪ್ರಿಲ್ 24ರ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ 18ರ ಆಸುಪಾಸಿನಲ್ಲಿ ಇನ್ನೊಮ್ಮೆ ಸೂರ್ಯ ಇಲ್ಲಿ ನಡುಹಗಲಿಗೆ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕಂಬಕ್ಕೆ ಆಗ ನೆರಳಿರುವುದಿಲ್ಲ. ಆ ದಿನ ಸೂರ್ಯ ಸಮಭಾಜಕದಿಂದ ಎಷ್ಟು ಉತ್ತರಕ್ಕಿದ್ದಾನೆಂದು ಗೊತ್ತಿದ್ದರೆ ಅದೇ ಊರಿನ ಅಕ್ಷಾಂಶ. ಸಿದ್ಧಾಂತ ಗ್ರಂಥಗಳ ದಾರಿ ಇದಕ್ಕಿಂತ ಅಚ್ಚುಕಟ್ಟು. ಹಗಲು ಇರುಳು ಸಮನಾಗಿರುವ ವಿಷುವದ ದಿನ 12 ಅಂಗುಲದ ಶಂಕು ನೆಟ್ಟು ಮಧ್ಯಾಹ್ನದ ನೆರಳನ್ನು ಅಳೆಯುವುದು. ಆ ನೆರಳಿಗೆ ಪಲಭಾ ಎಂದು ಹೆಸರು. ಹಾಸನದಲ್ಲಿ ಅದು ಸುಮಾರು 2.77 ಅಂಗುಲ, ಹೊಳೆನರಸೀಪುರದಲ್ಲಿ 2.72. ಇಂದಿನ ಲೆಕ್ಕದಲ್ಲಿ ವ್ಯತ್ಯಾಸ ಒಂದು ಮಿಲಿಮೀಟರ್. ಸೂರ್ಯನ ನೆರಳಿನ ಅಂಚು ಯಾವಾಗಲೂ ಮಸುಕಾಗಿರುವುದರಿಂದ ಆ ಒಂದು ಮಿಲಿಮೀಟರನ್ನು ನಂಬುವುದು ಕಷ್ಟ. ಹಾಗಾಗಿ ಈ ವಿಧಾನಕ್ಕೆ ಇಪ್ಪತ್ತು ಮೂವತ್ತು ಕಿ.ಮೀ. ಆಚೀಚೆ ಆಗುವುದು ಸಹಜ. ಆದರೆ ಇಲ್ಲಿ ಮುಖ್ಯವಾದುದು ತಪ್ಪಿನ ಗಾತ್ರವಲ್ಲ. ಒಂದು ಕೋಲು, ಒಂದು ಬಯಲು, ಸೂರ್ಯನ ವಾರ್ಷಿಕ ಗತಿಯ ತಿಳಿವಳಿಕೆ ಇದ್ದರೆ ಮುಗಿಯಿತು. ಬೇರೆ ಊರಿನವರನ್ನು ಏನೂ ಕೇಳಬೇಕಾಗಿಲ್ಲ.

ಕಡಲಿನವರಿಗೂ ಇಷ್ಟೇ ಸಾಕಾಗಿತ್ತು. ಅರಬ್ಬೀ ಸಮುದ್ರದ ನಾವಿಕರು ಬಳಸುತ್ತಿದ್ದ ಕಮಾಲ್ ಎಂಬುದು ಗಂಟು ಹಾಕಿದ ದಾರ ಕಟ್ಟಿದ ಒಂದು ಪುಟ್ಟ ಹಲಗೆ. ದಾರವನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳ ಅಂಚನ್ನು ದಿಗಂತಕ್ಕೂ ಮೇಲಂಚನ್ನು ಧ್ರುವ ನಕ್ಷತ್ರಕ್ಕೂ ಹೊಂದಿಸಿದಾಗ ಯಾವ ಗಂಟು ಹಲ್ಲಿಗೆ ಸಿಕ್ಕಿತೋ ಅದು ಬಂದರಿನ ಗುರುತು. ಮಂಗಳೂರಿಗೆ ಬರಬೇಕಾದವನು ನಕ್ಷತ್ರ ಆ ಎತ್ತರಕ್ಕೆ ಬರುವವರೆಗೆ ಉತ್ತರಕ್ಕೋ ದಕ್ಷಿಣಕ್ಕೋ ಸಾಗಿ, ಅಲ್ಲಿಂದ ನೇರ ಪೂರ್ವಕ್ಕೆ ತಿರುಗಿದರೆ ಕರಾವಳಿ ತಾನಾಗಿ ಸಿಗುತ್ತಿತ್ತು. ಮಂಗಳೂರಿನ ಅಕ್ಷಾಂಶ 12 ಡಿಗ್ರಿ 52 ನಿಮಿಷ, ಚನ್ನರಾಯಪಟ್ಟಣದ್ದು 12 ಡಿಗ್ರಿ 54 ನಿಮಿಷ. ಕಮಾಲಿನ ಮಟ್ಟಿಗೆ ಇವೆರಡೂ ಒಂದೇ ಊರು. ನಡುವೆ ಪಶ್ಚಿಮ ಘಟ್ಟವೂ ಸುಮಾರು 165 ಕಿ.ಮೀ. ನೆಲವೂ ಇರುವುದು ಆ ಹಲಗೆಗೆ ಕಾಣದು. ನಾವಿಕನಿಗೆ ಅದು ಕಾಣಬೇಕಾಗಿಯೂ ಇರಲಿಲ್ಲ, ನೆಲ ಬಂದ ಕೂಡಲೇ ಅವನ ಪ್ರಯಾಣ ಮುಗಿಯುತ್ತಿತ್ತು. ರೇಖಾಂಶ ಗೊತ್ತಿಲ್ಲದೆ ಶತಮಾನಗಳ ಕಾಲ ವ್ಯಾಪಾರ ನಡೆದದ್ದು ಹೀಗೆ.

ರೇಖಾಂಶದ ಪ್ರಶ್ನೆ ಭಾರತೀಯ ಗಣಿತಜ್ಞರಿಗೆ ಬಂದದ್ದು ಕಡಲಿನಿಂದ ಅಲ್ಲ, ಪಂಚಾಂಗದಿಂದ. ಗ್ರಹಗತಿಯ ಲೆಕ್ಕವೆಲ್ಲ ಉಜ್ಜಯಿನಿಯ ಮೂಲಕ ಲಂಕೆಗೆ ಹಾಯುವ ಮಧ್ಯರೇಖೆಯ ಹೊತ್ತಿಗೆ ಸಿದ್ಧವಾಗುತ್ತಿತ್ತು. ಬೇರೆ ಊರಿನವರು ಅದಕ್ಕೆ ದೇಶಾಂತರ ಸಂಸ್ಕಾರ ಮಾಡಿಕೊಳ್ಳಬೇಕಿತ್ತು. ಈ ವಿಷಯದಲ್ಲಿ ಹಾಸನ ಸೀಮೆ ಅದೃಷ್ಟವಂತ ನೆಲ. ಉಜ್ಜಯಿನಿ ಇರುವುದು 75 ಡಿಗ್ರಿ 46 ನಿಮಿಷ ಪೂರ್ವದಲ್ಲಿ. ಆ ಗೆರೆಯನ್ನು ದಕ್ಷಿಣಕ್ಕೆ ಎಳೆದರೆ ಸಕಲೇಶಪುರದ ಆಸುಪಾಸಿನಲ್ಲೇ ಹಾದುಹೋಗುತ್ತದೆ. ಅರಕಲಗೂಡು ಅದರಿಂದ ಸುಮಾರು 30 ಕಿ.ಮೀ. ಪೂರ್ವಕ್ಕೆ, ಹಾಸನ ಇನ್ನೂ ಐದಾರು ಕಿ.ಮೀ. ಆಚೆಗೆ. ಹೊತ್ತಿನಲ್ಲಿ ಹೇಳುವುದಾದರೆ ಒಂದು ನಿಮಿಷಕ್ಕಿಂತ ತುಸು ಹೆಚ್ಚು, ಎಂದರೆ ಮೂರು ವಿಘಟಿಯ ವ್ಯತ್ಯಾಸ. ಇಲ್ಲಿ ಪಂಚಾಂಗ ಬರೆಯುವವನು ದೇಶಾಂತರವನ್ನು ಮರೆತರೂ ತಿಥಿ ಕೆಡುವಷ್ಟು ತಪ್ಪಾಗದು.

ಆದರೆ ಆ ಗೆರೆ ತಮ್ಮ ಊರಿನ ಬಳಿಯೇ ಹಾಯುತ್ತದೆ ಎಂಬುದನ್ನು ಅಂದು ತಿಳಿಯುವುದು ಹೇಗೆ? ಸೂರ್ಯಸಿದ್ಧಾಂತ ಕೊಡುವ ಉಪಾಯ ಚಂದ್ರಗ್ರಹಣ. ಗ್ರಹಣ ಎಲ್ಲರಿಗೂ ಒಂದೇ ಕ್ಷಣದಲ್ಲಿ ಕಾಣುತ್ತದೆ. ಮಧ್ಯರೇಖೆಗೆ ಲೆಕ್ಕ ಹಾಕಿದ ಹೊತ್ತಿಗಿಂತ ನಿಮ್ಮ ಊರಿನ ಘಟಿಯಲ್ಲಿ ಅದು ತಡವಾಗಿ ಕಂಡರೆ ನೀವು ಪೂರ್ವಕ್ಕಿದ್ದೀರಿ, ಬೇಗ ಕಂಡರೆ ಪಶ್ಚಿಮಕ್ಕೆ. ತತ್ತ್ವದಲ್ಲಿ ದೋಷವಿಲ್ಲ. ಕಷ್ಟವಿರುವುದು ಅಳತೆಯಲ್ಲಿ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ನಮ್ಮ ಅಕ್ಷಾಂಶದಲ್ಲಿ ಒಂದು ನಿಮಿಷದ ತಪ್ಪು 27 ಕಿ.ಮೀ. ತಪ್ಪಿಗೆ ಸಮ. ಭೂಮಿಯ ನೆರಳಿನ ಅಂಚು ಚಂದ್ರನ ಮೇಲೆ ಮಬ್ಬಾಗಿ ಬೀಳುವುದರಿಂದ ಗ್ರಹಣ ಹಿಡಿದ ಕ್ಷಣವನ್ನು ಬರಿಗಣ್ಣಿಗೆ ಒಂದು ನಿಮಿಷದೊಳಗೆ ಗುರುತಿಸುವುದೇ ಕಷ್ಟ. ಜೊತೆಗೆ ನೀರಿನ ಗಳಿಗೆ ಬಟ್ಟಲಿನ ತಪ್ಪು, ಲೆಕ್ಕದ ತಪ್ಪು. ಫಲಿತಾಂಶ ಗ್ರಂಥಗಳಲ್ಲೇ ಕಾಣುತ್ತದೆ. ಉಜ್ಜಯಿನಿಯ ರೇಖೆಯ ಮೇಲೆಯೇ ಇದೆಯೆಂದು ಪರಂಪರೆ ಹೇಳುವ ಕುರುಕ್ಷೇತ್ರ ನಿಜವಾಗಿ ಆ ರೇಖೆಯಿಂದ ಸುಮಾರು ಒಂದು ಡಿಗ್ರಿ ಪೂರ್ವಕ್ಕಿದೆ, ಎಂದರೆ ನೂರು ಕಿ.ಮೀ. ಆಚೆಗೆ. ಉತ್ತರ ದಕ್ಷಿಣದ ಲೆಕ್ಕವನ್ನು ನೆರಳಿನಿಂದಲೇ ಇಷ್ಟು ಹತ್ತಿರಕ್ಕೆ ತಂದ ಜನ ಪೂರ್ವ ಪಶ್ಚಿಮದಲ್ಲಿ ಇಷ್ಟು ತಪ್ಪಿದ್ದು ಅವರ ದಡ್ಡತನದಿಂದಲ್ಲ. ನೆರಳು ತಮ್ಮ ಅಂಗಳದಲ್ಲೇ ಸಿಗುತ್ತಿತ್ತು, ಉಜ್ಜಯಿನಿಯ ಹೊತ್ತು ಸಿಗುತ್ತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಗ್ರಹಣ ಆಕಾಶದ್ದೇ ತಾನೆ, ಅದನ್ನು ಪರರ ಗಡಿಯಾರ ಎನ್ನುವುದೇಕೆ? ಗುರುವಿನ ಉಪಗ್ರಹಗಳ ಗ್ರಹಣ, ನಕ್ಷತ್ರಗಳ ನಡುವೆ ಚಂದ್ರನ ನಡೆ, ಇವನ್ನು ನೋಡಿ ರೇಖಾಂಶ ಕಂಡುಹಿಡಿದವರು ಯಾವ ಗಡಿಯಾರವನ್ನೂ ಹೊತ್ತು ತರಲಿಲ್ಲವಲ್ಲ? ನಿಜ, ಆದರೆ ಅವರು ಕೋಷ್ಟಕವನ್ನು ಹೊತ್ತು ತಂದಿದ್ದರು. ಗುರುವಿನ ಚಂದ್ರ ಮರೆಯಾದುದನ್ನು ನೋಡುವುದರಿಂದಷ್ಟೇ ಏನೂ ತಿಳಿಯದು. ಅದೇ ಘಟನೆ ಗ್ರೀನಿಚ್ಚಿನಲ್ಲೋ ಪ್ಯಾರಿಸ್ಸಿನಲ್ಲೋ ಎಷ್ಟು ಗಂಟೆಗೆ ಎಂದು ಯಾರಾದರೂ ಮುಂಚಿತವಾಗಿ ಲೆಕ್ಕ ಮಾಡಿ ಅಚ್ಚು ಹಾಕಿರಬೇಕು. ಆಕಾಶ ಗಡಿಯಾರದ ಮುಳ್ಳು, ಅಂಕಿ ಬರೆದವರು ಬೇರೆ. ಬ್ರಿಟಿಷ್ ಪಾರ್ಲಿಮೆಂಟು 1714ರಲ್ಲಿ 20,000 ಪೌಂಡಿನ ಬಹುಮಾನ ಘೋಷಿಸಿದ್ದು, ಬಡಗಿಯ ಮಗ ಜಾನ್ ಹ್ಯಾರಿಸನ್ ಕಡಲಲ್ಲಿಯೂ ಹೊತ್ತು ತಪ್ಪದ ಗಡಿಯಾರ ಮಾಡಿದ್ದು ಎಲ್ಲರೂ ಬಲ್ಲ ಕಥೆ. ಅದಕ್ಕಿಂತ ಹೆಚ್ಚು ಪರಿಣಾಮ ಬೀರಿದ್ದು 1767ರ ವರ್ಷಕ್ಕೆಂದು ಮೊದಲು ಹೊರಬಂದ ನಾಟಿಕಲ್ ಅಲ್ಮನಾಕ್ ಎಂಬ ಕೋಷ್ಟಕ. ಅದು ಗ್ರೀನಿಚ್ ಹೊತ್ತಿಗೆ ಬರೆದದ್ದಾದ್ದರಿಂದ ಅದನ್ನು ಬಳಸಿದವರೆಲ್ಲ ಗ್ರೀನಿಚ್ಚಿನಿಂದ ಎಣಿಸತೊಡಗಿದರು. 1884ರಲ್ಲಿ ವಾಷಿಂಗ್ಟನ್ ಸಮ್ಮೇಳನ ಗ್ರೀನಿಚ್ಚನ್ನು ಸೊನ್ನೆ ರೇಖೆ ಎಂದು ಒಪ್ಪಿದಾಗ ಜಗತ್ತಿನ ಬಹುಪಾಲು ಹಡಗುಗಳ ನಕ್ಷೆಗಳಲ್ಲಿ ಅದಾಗಲೇ ಒಪ್ಪಿತವಾಗಿತ್ತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಹೊತ್ತನ್ನೇ ಬಿಟ್ಟು, ನೆಲವನ್ನು ಅಳೆದುಕೊಂಡು ಹೋದರೆ ಆಯಿತಲ್ಲ? ಹಾಗೆ ಅಳೆದವನು ವಿಲಿಯಂ ಲ್ಯಾಂಬ್ಟನ್, ಅಳೆದದ್ದು ನಮ್ಮ ಸೀಮೆಯನ್ನೇ. 1799ರಲ್ಲಿ ಶ್ರೀರಂಗಪಟ್ಟಣದ ಬಳಿ ರಾತ್ರಿ ಹೊರಟ ಇಂಗ್ಲಿಷ್ ದಂಡು ದಿಕ್ಕು ತಪ್ಪಿ ಟಿಪ್ಪುವಿನ ಪಾಳೆಯದ ಕಡೆಗೇ ನಡೆಯುತ್ತಿರುವುದನ್ನು ನಕ್ಷತ್ರ ನೋಡಿ ಹೇಳಿದವನು ಈತನೇ. ಮರುವರ್ಷ ಬೆಂಗಳೂರಿನ ಬಳಿ ಸರಪಳಿ ಹಾಸಿ ಮೊದಲ ಆಧಾರರೇಖೆ ಅಳೆದ. 1802ರಲ್ಲಿ ಮದ್ರಾಸಿನಲ್ಲಿ ಇನ್ನೊಂದನ್ನು ಅಳೆದು ತ್ರಿಕೋನಗಳ ಸಾಲನ್ನು ಮೈಸೂರು ಸೀಮೆಯ ಬೆಟ್ಟಗಳ ತುದಿಯಿಂದ ತುದಿಗೆ ಪಶ್ಚಿಮ ಕರಾವಳಿಯವರೆಗೆ ನಡೆಸಿದ. ನಕ್ಷೆಗಳಲ್ಲಿ 400 ಮೈಲಿ ಎಂದಿದ್ದ ಪರ್ಯಾಯ ದ್ವೀಪದ ಅಗಲ 360 ಮೈಲಿ ಎಂದು ತಿಳಿದದ್ದು ಆಗ. ಅಳತೆ ಎಷ್ಟು ಕರಾರುವಾಕ್ಕಾಗಿತ್ತೆಂದರೆ, ಬೆಂಗಳೂರಿನಲ್ಲಿ ಮತ್ತೆ ಏಳು ಮೈಲಿಯ ರೇಖೆ ಅಳೆದು ತಾಳೆ ನೋಡಿದಾಗ ಕೆಲವೇ ಅಂಗುಲಗಳ ವ್ಯತ್ಯಾಸ ಬಂತು. ಗಡಿಯಾರದ ಹಂಗಿಲ್ಲದೆ ಹಾಸನಕ್ಕೂ ಚನ್ನರಾಯಪಟ್ಟಣಕ್ಕೂ ನಡುವಿನ ಅಂತರ ಸರಿಯಾಗಿ ನಕ್ಷೆಗೆ ಇಳಿಯುವ ದಾರಿ ತೆರೆಯಿತು.

ಆದರೆ ಅಂತರ ಎಲ್ಲಿಂದ? ಈ ತ್ರಿಕೋನಗಳೆಲ್ಲ ಕೊನೆಗೆ ತೂಗುಬಿದ್ದದ್ದು ಮದ್ರಾಸ್ ವೀಕ್ಷಣಾಲಯಕ್ಕೆ. ಈಸ್ಟ್ ಇಂಡಿಯಾ ಕಂಪನಿ 1792ರಲ್ಲಿ ಕಟ್ಟಿದ ಆ ಕಟ್ಟಡದ ರೇಖಾಂಶವನ್ನು ಗುರುವಿನ ಉಪಗ್ರಹಗಳ ಗ್ರಹಣಗಳಿಂದ ನಿರ್ಧರಿಸಿದ್ದರು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ತಂತಿ ಸಂಪರ್ಕದ ಮೂಲಕ ಇಂಗ್ಲೆಂಡಿನ ಹೊತ್ತನ್ನು ನೇರವಾಗಿ ತಾಳೆ ನೋಡಿದಾಗ ಮದ್ರಾಸಿನ ಆ ಅಂಕಿ 2 ನಿಮಿಷ 27 ಸೆಕೆಂಡು ಕೋನದಷ್ಟು ಹೆಚ್ಚಾಗಿತ್ತೆಂದು ತಿಳಿಯಿತು. ಹೊತ್ತಿನ ಲೆಕ್ಕದಲ್ಲಿ ಇದು ಹತ್ತು ಸೆಕೆಂಡಿಗಿಂತ ಕಡಿಮೆ, ನಮ್ಮ ನೆಲದ ಮೇಲೆ 4.4 ಕಿ.ಮೀ. ಎಂದರೆ ಸರ್ವೆ ಇಲಾಖೆಯ ಹಳೆಯ ನಕ್ಷೆಗಳಲ್ಲಿ ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ಒಂದಕ್ಕೊಂದು ಸರಿಯಾದ ದೂರದಲ್ಲೇ ಇದ್ದುಕೊಂಡು, ಇಡೀ ದೇಶದೊಂದಿಗೆ ಭೂಗೋಳದ ಮೇಲೆ 4.4 ಕಿ.ಮೀ. ಪೂರ್ವಕ್ಕೆ ಸರಿದಿದ್ದವು. ಊರಿನವರಿಗೆ ಇದರಿಂದ ಕೂದಲೂ ಕೊಂಕಲಿಲ್ಲ ಎಂಬುದು ನಿಜ. ಹೊಲದ ಬಾಂದಿನ ಕಲ್ಲು ಪಕ್ಕದ ಹೊಲದ ಕಲ್ಲಿಗೆ ಸರಿಯಿದ್ದರೆ ಸಾಕು. ಆದರೆ ಲ್ಯಾಂಬ್ಟನ್ ಅದೇ ಕೆಲಸದಲ್ಲಿ ನಕ್ಷತ್ರಗಳಿಂದ ಪಡೆದ ಅಕ್ಷಾಂಶಗಳಿಗೆ ಈ ಗತಿ ಬರಲಿಲ್ಲ. ಅವು ಆಯಾ ಜಾಗದಲ್ಲಿ ನಿಂತು ಪಡೆದವು. ರೇಖಾಂಶ ಮಾತ್ರ ಕಡ ತಂದ ಅಂಕಿಯಾಗಿತ್ತು, ಕಡದ ಜೊತೆ ಅದರ ದೋಷವೂ ಬಂತು.

ಉಪಗ್ರಹಗಳು ಬಂದಾಗ ಈ ಭೇದವೇ ಅಳಿಸಿತೆಂದು ತೋರುತ್ತದೆ. ಕೈಯಲ್ಲಿರುವ ಫೋನು ಅಕ್ಷಾಂಶ ರೇಖಾಂಶ ಎರಡನ್ನೂ ಒಟ್ಟಿಗೆ, ಒಂದೇ ನಿಖರತೆಯಲ್ಲಿ ಹೇಳುತ್ತದೆ. ಆದರೆ ಅದು ಹೇಳುವ ರೀತಿಯನ್ನು ನೋಡಬೇಕು. ಪ್ರತಿ ಉಪಗ್ರಹವೂ ತಾನೆಲ್ಲಿದ್ದೇನೆ, ಈಗ ಎಷ್ಟು ಹೊತ್ತು ಎಂಬ ಎರಡು ಸಂಗತಿಗಳನ್ನು ಸಾರುತ್ತಿರುತ್ತದೆ. ಸಂಕೇತ ತಲುಪಲು ತೆಗೆದುಕೊಂಡ ಸಮಯದಿಂದ ದೂರ ಗೊತ್ತಾಗುತ್ತದೆ. ಮೂರು ದೂರಗಳಿದ್ದರೆ ಸ್ಥಾನ ಸಿಗಬೇಕು. ನಾಲ್ಕನೆಯ ಉಪಗ್ರಹ ಬೇಕಾಗುವುದು ಫೋನಿನ ಒಳಗಿನ ಅಗ್ಗದ ಗಡಿಯಾರವನ್ನು ತಿದ್ದಲು. ಬೆಳಕು ಒಂದು ಸೆಕೆಂಡಿನ ಶತಕೋಟಿಯ ಒಂದು ಭಾಗದಲ್ಲಿ 30 ಸೆಂ.ಮೀ. ಹೋಗುತ್ತದೆ, ದಶಲಕ್ಷದ ಒಂದು ಭಾಗದಷ್ಟು ತಪ್ಪಾದರೆ ಸ್ಥಾನ 300 ಮೀಟರ್ ತಪ್ಪುತ್ತದೆ. ಆದ್ದರಿಂದಲೇ ಅಲ್ಲಿ ಪರಮಾಣು ಗಡಿಯಾರ. ಹಿಂದೆ ಒಂದು ಆಯಾಮಕ್ಕೆ ಮಾತ್ರ ಬೇಕಾಗಿದ್ದ ದೂರದ ಗಡಿಯಾರ ಈಗ ಎಲ್ಲ ಆಯಾಮಗಳಿಗೂ ಬೇಕು. ಆ ಸಂಕೇತ ನಿಂತರೆ ಫೋನಿಗೆ ಶಂಕುವಿನಷ್ಟೂ ಅಕ್ಷಾಂಶ ಗೊತ್ತಾಗದು. ಸೊನ್ನೆ ರೇಖೆಯೂ ಅದೇ ಉಳಿದಿಲ್ಲ: ಉಪಗ್ರಹ ವ್ಯವಸ್ಥೆಗಳ ಸೊನ್ನೆ ಗ್ರೀನಿಚ್ಚಿನ ಹಿತ್ತಾಳೆ ಪಟ್ಟಿಯಿಂದ ಸುಮಾರು 102 ಮೀಟರ್ ಪೂರ್ವಕ್ಕಿದೆ, ಅಲ್ಲಿಗೆ ಹೋಗಿ ಫೋನು ತೆರೆದ ಪ್ರವಾಸಿಗರು ತಬ್ಬಿಬ್ಬಾಗುತ್ತಾರೆ. ಮದ್ರಾಸಿನ 4.4 ಕಿ.ಮೀ. ಈಗ ನೂರು ಮೀಟರಿಗೆ ಇಳಿದಿದೆ. ಎಲ್ಲಿಂದ ಎಣಿಸಬೇಕು ಎಂಬುದು ಮಾತ್ರ ಇಂದಿಗೂ ಒಪ್ಪಂದವೇ.

ಈ ಒಪ್ಪಂದದ ಯಂತ್ರಭಾಗ ಇರುವ ಊರುಗಳಲ್ಲಿ ಹಾಸನವೂ ಒಂದು. ಸಾಲಗಾಮೆ ರಸ್ತೆಯ ಇಸ್ರೋ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಲ್ಲಿ ಇನ್ಸಾಟ್-1ಎ ಉಪಗ್ರಹಕ್ಕೆಂದು ಆರಂಭವಾಯಿತು. ಆ ಉಪಗ್ರಹ ಕೆಲವೇ ತಿಂಗಳು ಬಾಳಿತು, ಕೇಂದ್ರ ಉಳಿಯಿತು. ಇದರ ನಿತ್ಯದ ಕೆಲಸವೇ ರೇಖಾಂಶ ಕಾಯುವುದು. ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹಕ್ಕೆ 74 ಡಿಗ್ರಿ, 83 ಡಿಗ್ರಿ ಎಂದು ಗೊತ್ತುಮಾಡಿದ ಜಾಗವಿರುತ್ತದೆ. ಸಾಮಾನ್ಯವಾಗಿ ಅದರಿಂದ ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಮಾತ್ರ ಆಚೀಚೆ ಹೋಗಬಹುದು. ಕೇಳಲು ಸಣ್ಣದು, ಆ ಎತ್ತರದಲ್ಲಿ ಅದು 74 ಕಿ.ಮೀ. ಭೂಮಿಯ ಸಮಭಾಜಕ ಪೂರ್ತಿ ದುಂಡಗಿಲ್ಲವಾದ್ದರಿಂದ ಉಪಗ್ರಹಗಳು ಸದಾ ಜಾರುತ್ತಿರುತ್ತವೆ, ಸೂರ್ಯ ಚಂದ್ರರು ಅವನ್ನು ಉತ್ತರ ದಕ್ಷಿಣಕ್ಕೂ ಎಳೆಯುತ್ತಾರೆ. ಜಾರುವ ದಿಕ್ಕು ಕುತೂಹಲದ್ದು. ಏಷ್ಯಾದ ಮೇಲಿರುವ ಉಪಗ್ರಹಗಳು ತಾವಾಗಿ ಬಿಟ್ಟರೆ ಸುಮಾರು 75 ಡಿಗ್ರಿ ಪೂರ್ವದ ಕಡೆಗೆ ಸರಿಯುತ್ತವೆ. 83ರಲ್ಲಿರುವುದು ಪಶ್ಚಿಮಕ್ಕೆ, 55ರಲ್ಲಿರುವುದು ಪೂರ್ವಕ್ಕೆ. ಹಾಸನದ ರೇಖಾಂಶ 76 ಡಿಗ್ರಿ 6 ನಿಮಿಷ. ಉಜ್ಜಯಿನಿಯ ರೇಖೆ, ಉಪಗ್ರಹಗಳ ಈ ನೆಲೆ, ಹಾಸನದ ಕೇಂದ್ರ ಇಷ್ಟು ಹತ್ತಿರ ಹತ್ತಿರ ಬಂದಿರುವುದು ಬರೀ ಕಾಕತಾಳೀಯ. ಇದರಲ್ಲಿ ಪೂರ್ವಿಕರ ಗುಪ್ತವಿದ್ಯೆ ಹುಡುಕುವವರು ಮೊದಲು ಕುರುಕ್ಷೇತ್ರದ ಆ ಒಂದು ಡಿಗ್ರಿಗೆ ಉತ್ತರ ಕೊಡಬೇಕಾಗುತ್ತದೆ.

ಭಾರತ ತನ್ನದೇ ಗಡಿಯಾರವನ್ನು ಆಕಾಶಕ್ಕೆ ಏರಿಸಿದ್ದು 2013ರ ಜುಲೈನಲ್ಲಿ, ಐಆರ್‌ಎನ್‌ಎಸ್‌ಎಸ್-1ಎ ಉಪಗ್ರಹದೊಂದಿಗೆ. 2016ರ ಏಪ್ರಿಲಿನ ಹೊತ್ತಿಗೆ ಇಂಥ ಏಳು ಉಪಗ್ರಹಗಳು ಕಕ್ಷೆ ಸೇರಿದವು, ವ್ಯವಸ್ಥೆಗೆ ನಾವಿಕ್ ಎಂಬ ಹೆಸರು ಬಂತು. ದೇಶದ ಗಡಿಯಾಚೆ 1,500 ಕಿ.ಮೀ.ವರೆಗೆ ಸ್ಥಾನ ಹೇಳುವುದು ಇದರ ಗುರಿ. ಹೊತ್ತನ್ನು ಕಾಯುವುದು ಬೆಂಗಳೂರು ಬಳಿಯ ಬ್ಯಾಲಾಳು ಕೇಂದ್ರ, ಉಪಗ್ರಹಗಳನ್ನು ಅವುಗಳ ಕಕ್ಷೆಯಲ್ಲಿ ಕಾಯುವುದು ಹಾಸನ ಮತ್ತು ಭೋಪಾಲ. ನಾವಿಕ್ ಕಟ್ಟಿದ್ದಕ್ಕೆ ಕಾರಣವಾಗಿ 1999ರ ಕಾರ್ಗಿಲ್ ಯುದ್ಧದಲ್ಲಿ ಅಮೆರಿಕ ಜಿಪಿಎಸ್ ಮಾಹಿತಿ ನಿರಾಕರಿಸಿತೆಂಬ ಮಾತನ್ನು ಪದೇ ಪದೇ ಹೇಳುತ್ತಾರೆ. ಆ ಕಥೆಯನ್ನು ನೆಚ್ಚದೆಯೂ ವಾದ ನಿಲ್ಲುತ್ತದೆ: 2000ದ ಮೇ ತಿಂಗಳವರೆಗೆ ಅಮೆರಿಕ ನಾಗರಿಕರಿಗೆ ಕೊಡುತ್ತಿದ್ದ ಸಂಕೇತದಲ್ಲಿ ಬೇಕೆಂದೇ ದೋಷ ಬೆರೆಸುತ್ತಿತ್ತು. ಒಡೆಯ ಬಯಸಿದರೆ ಗಡಿಯಾರ ತಪ್ಪು ಹೇಳಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಷ್ಟಾದರೂ ಕೇಳಬಹುದು: ಇಂದಿನ ಫೋನು ಅಮೆರಿಕದ್ದಷ್ಟೇ ಅಲ್ಲ, ರಷ್ಯಾ, ಯುರೋಪ್, ಚೀನಾಗಳ ಉಪಗ್ರಹಗಳನ್ನೂ ಕೇಳುತ್ತದೆ. ನಾಲ್ಕು ಕಡೆಯಿಂದ ಕಡ ಸಿಗುವಾಗ ಸ್ವಂತದ್ದೇಕೆ? ದಾರಿ ಹುಡುಕುವವನಿಗೆ, ಆಲೂರು ಸಕಲೇಶಪುರದ ಕಾಡಾನೆಯ ಕೊರಳಪಟ್ಟಿಯ ಜಾಡು ಹಿಡಿಯುವ ಅರಣ್ಯ ಇಲಾಖೆಗೆ, ಈ ವಾದ ಸಾಕು. ಒಂದು ನಿಂತರೆ ಇನ್ನೊಂದಿದೆ. ಆದರೆ ಯುದ್ಧದ ಹೊತ್ತಿನಲ್ಲಿ ಸಂಕೇತಗಳನ್ನು ಕೆಡಿಸುವುದು ಈಗ ಅಪರೂಪವಲ್ಲ. ಅಮೆರಿಕದ ನೌಕಾ ಅಕಾಡೆಮಿಯೇ ಕೈಬಿಟ್ಟಿದ್ದ ನಕ್ಷತ್ರ ನೌಕಾಯಾನದ ಪಾಠವನ್ನು 2015ರಲ್ಲಿ ಮರಳಿ ತಂದಿತು. ಜಗತ್ತಿಗೆಲ್ಲ ಗಡಿಯಾರ ಕೊಡುವವರೇ ತಮ್ಮ ಹುಡುಗರಿಗೆ ಕೋನಮಾಪಕ ಕಲಿಸುತ್ತಿರುವಾಗ, ಕಡ ತರುವವರು ನಿಶ್ಚಿಂತರಾಗಿರುವುದು ಜಾಣತನವಲ್ಲ. ನಾವಿಕ್ ಬೇಕೇ ಎಂಬ ಪ್ರಶ್ನೆಗಿಂತ ನಾವಿಕ್ ನಿಜಕ್ಕೂ ನಮ್ಮದಾಗಿತ್ತೇ ಎಂಬ ಪ್ರಶ್ನೆ ಹೆಚ್ಚು ಹರಿತವಾದದ್ದು. ಮೊದಲ ಪೀಳಿಗೆಯ ಉಪಗ್ರಹಗಳು ನಮ್ಮವು, ಅವುಗಳೊಳಗಿನ ರುಬಿಡಿಯಂ ಗಡಿಯಾರಗಳು ಯುರೋಪಿನಿಂದ ಕೊಂಡವು. ಮೊದಲ ಉಪಗ್ರಹದ ಮೂರೂ ಗಡಿಯಾರಗಳು ಕೆಲವೇ ವರ್ಷಗಳಲ್ಲಿ ಕೆಟ್ಟವು. ಬೇರೆ ಉಪಗ್ರಹಗಳಲ್ಲೂ ಅದೇ ಕಾಯಿಲೆ ಕಂಡಿತು. ಹಾಸನದಿಂದ ಆಜ್ಞೆ ಕೊಟ್ಟರೆ ಉಪಗ್ರಹ ತನ್ನ ಜಾಗದಲ್ಲಿ ನಿಲ್ಲುತ್ತಿತ್ತು, ವಿದ್ಯುತ್ತು ಇತ್ತು, ಸಂಕೇತ ಕಳಿಸುವ ಶಕ್ತಿಯೂ ಇತ್ತು. ಹೊತ್ತು ಗೊತ್ತಿಲ್ಲದ ಉಪಗ್ರಹ ಸ್ಥಾನ ಹೇಳಲಾರದು. ಬದಲಿಗೆಂದು 2017ರ ಆಗಸ್ಟಿನಲ್ಲಿ ಹಾರಿಸಿದ್ದು ಶಾಖಕವಚ ಬಿಚ್ಚಿಕೊಳ್ಳದೆ ಒಳಗೇ ಉಳಿಯಿತು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರ ತಯಾರಿಸಿದ ಪರಮಾಣು ಗಡಿಯಾರ ಮೊದಲ ಬಾರಿಗೆ ಮೇಲೇರಿದ್ದು 2023ರ ಮೇ 29ರಂದು, ಎನ್‌ವಿಎಸ್-01ರಲ್ಲಿ. 2025ರ ಜನವರಿಯಲ್ಲಿ ಹೋದ ಎನ್‌ವಿಎಸ್-02 ಒಂದು ಕವಾಟ ತೆರೆಯದೆ ತನ್ನ ಕಕ್ಷೆ ತಲುಪಲೇ ಇಲ್ಲ. ಈವರೆಗೆ ಹಾರಿಸಿದ ಹನ್ನೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಇಂದು ಸ್ಥಾನ ಹೇಳುವ ಕೆಲಸಕ್ಕೆ ಒದಗುತ್ತಿಲ್ಲ. ಎನ್‌ವಿಎಸ್-01ರ ಆಯುಷ್ಯ 12 ವರ್ಷವೆಂದು ಲೆಕ್ಕ. ಅದರೊಳಗಿನ ಗಡಿಯಾರ ಕೊಂಡು ತಂದವುಗಳಿಗಿಂತ ಹೆಚ್ಚು ಕಾಲ ನಡೆಯಿತೇ ಎಂಬುದು ಪೂರ್ತಿಯಾಗಿ ಗೊತ್ತಾಗುವುದು 2035ರ ಹೊತ್ತಿಗೆ.